ವ್ಯಾಖ್ಯಾನಕ್ಕೆ ಮೊದಲು ವ್ಯಾಪಾರ ನಡೆಯಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಅರ್ಥಶಾಸ್ತ್ರದ ಮೊದಲ ಪಾಠ ಸಾಮಾನ್ಯವಾಗಿ ವ್ಯಾಖ್ಯಾನದಿಂದಲೇ ಶುರುವಾಗುತ್ತದೆ. 'ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ' ಎಂಬ ಸಾಲನ್ನು ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ ಗಳಿಸುತ್ತಾರೆ. ಅದೇ ಮಕ್ಕಳನ್ನು 'ಮಾರುವವರ ಮೇಲೆ ತೆರಿಗೆ ಹಾಕಿದರೆ ಅದರ ಹೊರೆ ನಿಜವಾಗಿ ಯಾರ ಮೇಲೆ ಬೀಳುತ್ತದೆ?' ಎಂದು ಕೇಳಿ ನೋಡಿ. ಬಾಯಿಪಾಠದ ಸಾಲು ಅಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ತಪ್ಪು ಮಕ್ಕಳದ್ದಲ್ಲ, ಪಾಠದ ಕ್ರಮದ್ದು. ಮೊದಲು ತರಗತಿಯಲ್ಲೇ ವ್ಯಾಪಾರ ಆಡಿಸಬೇಕು, ಅಲ್ಲಿ ಬಂದ ಸಂಖ್ಯೆಗಳಿಂದ ರೇಖೆ ಎಳೆಸಬೇಕು, ವ್ಯಾಖ್ಯಾನವನ್ನು ಎಲ್ಲಕ್ಕಿಂತ ಕೊನೆಗೆ ಬರೆಸಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದನ್ನು ಹೇಗೆ ಮಾಡುವುದು, ಎಲ್ಲಿ ಎಡವುತ್ತೇವೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದ್ದರೆ ಕ್ಷಮೆಯಿರಲಿ.

ಕನ್ನಡದಲ್ಲಿ ಕಲಿಸುವವರಿಗೆ ಒಂದು ವಿಶೇಷ ತೊಡಕಿದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. 'ಬೇಡಿಕೆ' ಎಂಬ ಪದ 'ಬೇಡು' ಧಾತುವಿನಿಂದ ಬಂದದ್ದು. ಪತ್ರಿಕೆಯಲ್ಲಿ 'ಬೇಡಿಕೆ ಈಡೇರಿಸಲು ಆಗ್ರಹ' ಎಂದು ಓದುವ ಮಗುವಿನ ಮನಸ್ಸಿನಲ್ಲಿ ಬೇಡಿಕೆ ಎಂದರೆ ಕೇಳಿಕೊಳ್ಳುವುದು, ಹಕ್ಕೊತ್ತಾಯ, ಬಹಳವೆಂದರೆ ಆಸೆ. ಅರ್ಥಶಾಸ್ತ್ರದ ಬೇಡಿಕೆಗೆ ಆಸೆಯೊಂದೇ ಸಾಲದು. ಇಂತಿಷ್ಟು ಬೆಲೆ ಇದ್ದರೆ ಇಂತಿಷ್ಟು ಕೊಳ್ಳುತ್ತೇನೆ ಎಂಬ ಇಚ್ಛೆ, ಕೊಡುವ ಶಕ್ತಿ ಎರಡೂ ಸೇರಿದ, ಬೆಲೆಗೊಂದು ಪ್ರಮಾಣ ಬರೆದ ಪೂರ್ತಿ ಪಟ್ಟಿಯೇ ಬೇಡಿಕೆ. 'ಕೊರತೆ'ಯದ್ದೂ ಇದೇ ಕಥೆ. ಸಂಪನ್ಮೂಲಗಳು ಸೀಮಿತ ಎಂಬ ಎಲ್ಲ ಕಾಲದ ಸತ್ಯಕ್ಕೂ ಕೊರತೆ ಎನ್ನುತ್ತೇವೆ, ಈ ಬೆಲೆಗೆ ಕೊಳ್ಳುವವರು ಹೆಚ್ಚು, ಮಾರುವವರು ಕಡಿಮೆ ಎಂಬ ತಾತ್ಕಾಲಿಕ ಸ್ಥಿತಿಗೂ ಕೊರತೆ ಎನ್ನುತ್ತೇವೆ. ಮೊದಲನೆಯದನ್ನು 'ವಿರಳತೆ' ಎಂದು ಬೇರ್ಪಡಿಸಿ ಹೇಳುವ ಶಿಕ್ಷಕರಿಗೆ ಮುಂದೆ ಅರ್ಧದಷ್ಟು ಗೊಂದಲ ತಪ್ಪುತ್ತದೆ. ಬೆಲೆ ಬದಲಾದರೆ ಕೊರತೆ ನೀಗಬಹುದು. ವಿರಳತೆ ನೀಗುವುದಿಲ್ಲ.

ಈಗ ಆಟಕ್ಕೆ ಬರೋಣ. 20 ಮಕ್ಕಳು ಬೇಕು, 10 ಜನ ಕೊಳ್ಳುವವರು, 10 ಜನ ಮಾರುವವರು. ಪ್ರತಿಯೊಬ್ಬರಿಗೂ ಒಂದೊಂದು ಚೀಟಿ. ಕೊಳ್ಳುವವರ ಚೀಟಿಗಳಲ್ಲಿ 30, 28, 26, 24, 22, 20, 18, 16, 14, 12 ಎಂಬ ಸಂಖ್ಯೆಗಳು. ಆ ಸರಕು ಅವರಿಗೆ ಎಷ್ಟು ಬಿಲ್ಲೆ (ಆಟದ ಹಣ) ಬಾಳುತ್ತದೆ ಎಂಬುದರ ಗುರುತು ಅದು. ಮಾರುವವರ ಚೀಟಿಗಳಲ್ಲಿ 8, 10, 12, 14, 16, 18, 20, 22, 24, 26. ಆ ಸರಕನ್ನು ತಯಾರಿಸಲು ಅವರಿಗೆ ತಗಲುವ ವೆಚ್ಚ ಅದು. ಒಂದು ಸುತ್ತಿನಲ್ಲಿ ಒಬ್ಬರು ಒಂದೇ ಸರಕನ್ನು ಕೊಳ್ಳಬಹುದು ಅಥವಾ ಮಾರಬಹುದು. ಕೊಂಡವರ ಲಾಭ ಚೀಟಿಯ ಸಂಖ್ಯೆಯಿಂದ ಬೆಲೆ ಕಳೆದಷ್ಟು, ಮಾರಿದವರ ಲಾಭ ಬೆಲೆಯಿಂದ ಚೀಟಿಯ ಸಂಖ್ಯೆ ಕಳೆದಷ್ಟು. ವ್ಯಾಪಾರ ಕುದುರದವರಿಗೆ ಸೊನ್ನೆ.

ನಿಯಮಗಳು ನಾಲ್ಕೇ. ಚೀಟಿಯನ್ನು ಯಾರಿಗೂ ತೋರಿಸುವಂತಿಲ್ಲ. ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಕೊಳ್ಳುವವರು ಕೂಗಿದರೆ ಹಿಂದಿನ ಕೂಗಿಗಿಂತ ಹೆಚ್ಚಿಗೆ, ಮಾರುವವರು ಕೂಗಿದರೆ ಹಿಂದಿನ ಕೂಗಿಗಿಂತ ಕಡಿಮೆ ಕೂಗಬೇಕು. ಒಪ್ಪಂದವಾದ ಕೂಡಲೇ ಇಬ್ಬರೂ ಮೇಜಿನ ಬಳಿ ಬಂದು ಬರೆಸಬೇಕು, ಬೆಲೆಯನ್ನು ಅದು ಬಂದ ಕ್ರಮದಲ್ಲೇ ಹಲಗೆಯ ಮೇಲೆ ಬರೆಯಬೇಕು. 45 ನಿಮಿಷದ ಒಂದು ಅವಧಿಯಲ್ಲಿ ನಿಯಮ ಹೇಳಲು 8 ನಿಮಿಷ, ನಾಲ್ಕು ನಾಲ್ಕು ನಿಮಿಷದ ಮೂರು ಸುತ್ತು, ಸುತ್ತುಗಳ ನಡುವೆ ಲೆಕ್ಕಕ್ಕೆ ಎರಡು ನಿಮಿಷ. ಉಳಿದದ್ದು ಮಾತಿಗೆ. ಮೂರು ಸುತ್ತಿಗೂ ಚೀಟಿ ಬದಲಿಸಬಾರದು.

ಮೊದಲ ಸುತ್ತಿನಲ್ಲಿ ಬೆಲೆಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಒಬ್ಬರು 25ಕ್ಕೆ ಕೊಂಡಿರುತ್ತಾರೆ, ಇನ್ನೊಬ್ಬರು 13ಕ್ಕೆ ಮಾರಿ ಕೈತೊಳೆದುಕೊಂಡಿರುತ್ತಾರೆ. ಎರಡನೆಯ ಸುತ್ತಿನಲ್ಲಿ ಅಂತರ ಕಿರಿದಾಗುತ್ತದೆ. ಮೂರನೆಯದರ ಹೊತ್ತಿಗೆ ಹೆಚ್ಚಿನ ವ್ಯವಹಾರಗಳು 18ರಿಂದ 20ರ ಆಸುಪಾಸಿನಲ್ಲಿ ಬಂದು ಕೂರುತ್ತವೆ, ಸುಮಾರು 6 ಸರಕುಗಳು ಕೈಬದಲಾಗುತ್ತವೆ. ಯಾರೂ ಬೆಲೆ ನಿಗದಿ ಮಾಡಿಲ್ಲ, ಯಾರಿಗೂ ಮತ್ತೊಬ್ಬರ ಚೀಟಿ ಗೊತ್ತಿಲ್ಲ. ಆದರೂ ಬೆಲೆ ಒಂದು ಕಡೆ ನಿಂತಿತಲ್ಲ ಎಂಬ ಬೆರಗು ಮಕ್ಕಳ ಮುಖದಲ್ಲಿ ಕಾಣುವ ಆ ಗಳಿಗೆಯೇ ಅರ್ಥಶಾಸ್ತ್ರದ ನಿಜವಾದ ಮೊದಲ ಪಾಠ. ದಯವಿಟ್ಟು ಅದಕ್ಕೆ ಮೊದಲು 'ಸಮತೋಲನ ಬೆಲೆ' (ಕೊಳ್ಳುವವರೂ ಮಾರುವವರೂ ಸಮನಾಗಿ ನಿಲ್ಲುವ ಬೆಲೆ) ಎಂಬ ಮಾತು ತೆಗೆಯಬೇಡಿ. ಉತ್ತರ ಮೊದಲೇ ತಿಳಿದರೆ ಮಕ್ಕಳು ಚೌಕಾಸಿ ಬಿಟ್ಟು 19 ಎಂದೇ ಕೂಗತೊಡಗುತ್ತಾರೆ, ಆಟ ಸತ್ತುಹೋಗುತ್ತದೆ.

ಈ ಆಟ ನಮ್ಮ ಕಲ್ಪನೆಯ ಕೂಸಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳ ಕೈಗೆ ಇಂಥ ಚೀಟಿ ಕೊಟ್ಟು ವ್ಯಾಪಾರ ಮಾಡಿಸಿ, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಬೆಲೆಗಳು ಸಿದ್ಧಾಂತ ಹೇಳಿದ ಕಡೆ ಸರಿಯಾಗಿ ನಿಲ್ಲಲಿಲ್ಲ, ವ್ಯವಹಾರಗಳ ಸಂಖ್ಯೆಯೂ ನಿರೀಕ್ಷೆಗಿಂತ ಹೆಚ್ಚಾಗುತ್ತಿತ್ತು. ಆ ತರಗತಿಯಲ್ಲಿ ಕೂತಿದ್ದ ವರ್ನನ್ ಸ್ಮಿತ್ ಮುಂದೆ ಎರಡೇ ಬದಲಾವಣೆ ಮಾಡಿದರು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಮೂಲೆಯಲ್ಲಿ ಪಿಸುಗುಟ್ಟುವ ಬದಲು ಬೆಲೆಯನ್ನು ಬಹಿರಂಗವಾಗಿ ಕೂಗುವಂತೆ ಮಾಡಿದರು, ಅದೇ ಚೀಟಿಗಳಿಂದ ಹಲವು ಸುತ್ತು ಆಡಿಸಿದರು. ಬೆಲೆ ಸಮತೋಲನದತ್ತ ಸರಿಯಿತು. 1962ರಲ್ಲಿ ಅದು ಪ್ರಕಟವಾಯಿತು, 2002ರಲ್ಲಿ ಅವರಿಗೆ ನೊಬೆಲ್ ಬಂತು. ಶಿಕ್ಷಕರಿಗೆ ಇದರಲ್ಲಿ ನೇರ ಉಪಯೋಗವಿದೆ. ನಿಮ್ಮ ತರಗತಿಯಲ್ಲಿ 6ರ ಬದಲು 8 ಅಥವಾ 9 ವ್ಯವಹಾರ ಆಗುತ್ತಿದ್ದರೆ ಮಕ್ಕಳು ಗುಟ್ಟಾಗಿ ಮಾತಾಡಿಕೊಳ್ಳುತ್ತಿದ್ದಾರೆ ಎಂದೇ ತಿಳಿಯಿರಿ. ಗುಟ್ಟಿನಲ್ಲಿ 24ರ ವೆಚ್ಚದವನು 30ರ ಚೀಟಿಯವಳ ಬಳಿ ಹೋಗಿ 27ಕ್ಕೆ ಮಾರಿಬಿಡುತ್ತಾನೆ. ಪಕ್ಕದಲ್ಲೇ 10ರ ವೆಚ್ಚದವರು ಇದ್ದದ್ದು ಅವಳಿಗೆ ಗೊತ್ತೇ ಆಗುವುದಿಲ್ಲ.

ಆಟ ಹಳಿ ತಪ್ಪುವ ಇನ್ನೂ ಕೆಲವು ಜಾಗಗಳಿವೆ. ಕೆಲವು ಮಕ್ಕಳು ಚೀಟಿಯ ಸಂಖ್ಯೆಯನ್ನೇ ಬೆಲೆ ಎಂದುಕೊಂಡು ಅದನ್ನೇ ಕೂಗುತ್ತಾರೆ. 30ರ ಚೀಟಿಯವಳು 30ಕ್ಕೇ ಕೊಂಡು, ನನಗೇಕೆ ಲಾಭ ಬರಲಿಲ್ಲ ಎಂದು ಕೇಳುತ್ತಾಳೆ. ಆಟಕ್ಕೆ ಮೊದಲು ಹಲಗೆಯ ಮೇಲೆ ಒಂದು ಉದಾಹರಣೆ ಲೆಕ್ಕ ಮಾಡಿಸಿದರೆ ಇದು ತಪ್ಪುತ್ತದೆ, ಆದರೆ ಆ ಉದಾಹರಣೆಗೆ ಆಟದಲ್ಲಿಲ್ಲದ ಸಂಖ್ಯೆಗಳನ್ನು ಬಳಸಿ. ಮಾರುವವರ ತಪ್ಪು ಬೇರೆಯೇ ಬಗೆಯದು. ಮಾರದಿದ್ದರೆ ವೆಚ್ಚ ನಷ್ಟವಾಯಿತೆಂದು ಹೆದರಿ ಕೊನೆಯ ಅರ್ಧ ನಿಮಿಷದಲ್ಲಿ ವೆಚ್ಚಕ್ಕಿಂತ ಕಡಿಮೆಗೆ ಕೊಟ್ಟುಬಿಡುತ್ತಾರೆ. 'ಕೊಳ್ಳುವವರು ಸಿಕ್ಕಮೇಲಷ್ಟೇ ನೀವು ಸರಕು ತಯಾರಿಸುತ್ತೀರಿ, ಮಾರದಿದ್ದರೆ ಖರ್ಚೂ ಇಲ್ಲ' ಎಂದು ಎರಡು ಸಲ ಹೇಳಿ. ಮಕ್ಕಳ ಸಂಖ್ಯೆ ಬೆಸವಾದರೆ ಉಳಿದವರಿಗೆ ಬರೆಯುವ ಕೆಲಸ ಕೊಡಿ, ಮನಸ್ಸಿಗೆ ಬಂದ ಹೊಸ ಚೀಟಿ ಸೇರಿಸಬೇಡಿ, ಬೆಲೆ ಪಲ್ಲಟವಾಗುತ್ತದೆ. 18 ಮಕ್ಕಳೇ ಇದ್ದರೆ ಕೊಳ್ಳುವ 12 ಮತ್ತು ಮಾರುವ 26ರ ಚೀಟಿ ತೆಗೆಯಿರಿ, 16 ಮಕ್ಕಳಿದ್ದರೆ 14 ಮತ್ತು 24ರದನ್ನೂ ತೆಗೆಯಿರಿ. ಅವರು ಹೇಗಿದ್ದರೂ ಸಮತೋಲನದಲ್ಲಿ ವ್ಯಾಪಾರ ಮಾಡುವವರಲ್ಲ, ಹಾಗಾಗಿ 6 ವ್ಯವಹಾರವೂ 18–20ರ ಬೆಲೆಯೂ ಹಾಗೇ ಉಳಿಯುತ್ತವೆ. 40 ಮಕ್ಕಳಿದ್ದರೆ ಚೀಟಿಗೆ ಇಬ್ಬರಂತೆ ಕೂರಿಸಿ. ಇಬ್ಬರು ಚರ್ಚಿಸಿ ಕೂಗುವುದರಿಂದ ತಪ್ಪುಗಳು ಕಡಿಮೆಯೇ ಆಗುತ್ತವೆ.

ಮರುದಿನ ರೇಖೆ. ಚೀಟಿಗಳನ್ನೆಲ್ಲ ಬಹಿರಂಗಪಡಿಸಿ, ಬೆಸ ಸಂಖ್ಯೆಯ ಬೆಲೆಗಳನ್ನೇ ಆರಿಸಿ ಕೇಳಿ. ಚೀಟಿಗಳೆಲ್ಲ ಸಮ ಸಂಖ್ಯೆಯಾದ್ದರಿಂದ 'ಬೆಲೆಯೂ ಚೀಟಿಯೂ ಒಂದೇ ಆದರೆ ಕೊಳ್ಳಬೇಕೆ ಬೇಡವೇ' ಎಂಬ ತಕರಾರು ಬರುವುದಿಲ್ಲ. 'ಬೆಲೆ 11 ಆದರೆ ಯಾರು ಯಾರು ಕೊಳ್ಳುತ್ತೀರಿ, ಕೈ ಎತ್ತಿ' ಎಂದರೆ 10 ಕೈಗಳು. ಮಾರಲು 2 ಕೈಗಳು. 15ಕ್ಕೆ 8 ಮತ್ತು 4. 19ಕ್ಕೆ 6 ಮತ್ತು 6. 23ಕ್ಕೆ 4 ಮತ್ತು 8. 27ಕ್ಕೆ 2 ಮತ್ತು 10. ಈ ಕೈಗಳ ಎಣಿಕೆಯೇ ಬೇಡಿಕೆಯ ಪಟ್ಟಿ, ಪೂರೈಕೆಯ ಪಟ್ಟಿ. ಬೇಡಿಕೆಯ ರೇಖೆ ಏಕೆ ಇಳಿಮುಖ ಎಂದು ಆಮೇಲೆ ಯಾರೂ ವಿವರಿಸಬೇಕಾಗಿಲ್ಲ. ಬೆಲೆ ಏರಿದಾಗ ಕೈ ಕೆಳಗಿಳಿಸಿದವರು ಪಕ್ಕದ ಬೆಂಚಿನಲ್ಲೇ ಕೂತಿರುತ್ತಾರೆ.

ನಕ್ಷೆ ಬರೆಸುವಾಗ ಒಂದು ಎಚ್ಚರ ಬೇಕು. ಗಣಿತದ ತರಗತಿಯಲ್ಲಿ ಕಾರಣವಾದದ್ದನ್ನು ಅಡ್ಡ ಅಕ್ಷದ ಮೇಲೆ, ಪರಿಣಾಮವನ್ನು ಲಂಬ ಅಕ್ಷದ ಮೇಲೆ ಇಡಲು ಮಕ್ಕಳು ಕಲಿತಿರುತ್ತಾರೆ. ಅರ್ಥಶಾಸ್ತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿದೆ. 1890ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ತಮ್ಮ ಗ್ರಂಥದಲ್ಲಿ ಹಾಗೆ ಬರೆದರು, ಅದೇ ರೂಢಿಯಾಗಿ ಉಳಿಯಿತು. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಗಣಿತದಲ್ಲಿ ಜಾಣರಾದ ಮಕ್ಕಳೇ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಬೆರಳನ್ನು ಮೊದಲು ಬೆಲೆಯ ಮೇಲಿಡು, ಅಡ್ಡಡ್ಡ ಹೋಗಿ ರೇಖೆ ಮುಟ್ಟು, ಅಲ್ಲಿಂದ ಕೆಳಗಿಳಿದು ಪ್ರಮಾಣ ಓದು ಎಂದು ಪ್ರತಿಯೊಂದು ಮಗುವಿನ ಕೈಯಲ್ಲೂ ಮಾಡಿಸಬೇಕು. ರೇಖೆ ಸರಿದಾಗ 'ಮೇಲೆ, ಕೆಳಗೆ' ಎನ್ನದೆ 'ಬಲಕ್ಕೆ, ಎಡಕ್ಕೆ' ಎನ್ನಬೇಕು. ಪೂರೈಕೆ ಹೆಚ್ಚಾದಾಗ ಪೂರೈಕೆಯ ರೇಖೆ ನೋಡಲು ಕೆಳಗಿಳಿದಂತೆ ಕಾಣುತ್ತದೆ, ಮಕ್ಕಳು 'ಪೂರೈಕೆ ಇಳಿಯಿತು' ಎಂದು ಬರೆದುಬಿಡುತ್ತಾರೆ. ಬಲಕ್ಕೆ ಎಂದರೆ ಹೆಚ್ಚು, ಅಷ್ಟೇ.

ಇಡೀ ವರ್ಷದ ಪಾಠದಲ್ಲಿ ಅತಿ ಹೆಚ್ಚು ಮಕ್ಕಳು ಮುಗ್ಗರಿಸುವುದು ಒಂದೇ ಜಾಗದಲ್ಲಿ. ನಾಲ್ಕನೆಯ ಸುತ್ತಿಗೆ ಕೊಳ್ಳುವವರ ಪ್ರತಿಯೊಂದು ಚೀಟಿಗೂ 8 ಕೂಡಿಸಿ, ಅಂದರೆ 38ರಿಂದ 20ರವರೆಗೆ. ಹಳೆಯ ಬೆಲೆ 19ಕ್ಕೆ ಈಗ 10 ಜನ ಕೊಳ್ಳಲು ಸಿದ್ಧ, ಮಾರುವವರು 6 ಜನ ಮಾತ್ರ. ಕೊಳ್ಳುವವರ ಪೈಪೋಟಿಯಿಂದ ಬೆಲೆ ಏರಿ 22–24ರಲ್ಲಿ ನಿಲ್ಲುತ್ತದೆ, 8 ವ್ಯವಹಾರ ನಡೆಯುತ್ತವೆ. ಇಷ್ಟಾದ ಮೇಲೆ ಬರೆಯಲು ಹೇಳಿದರೆ ಬಹುಪಾಲು ಮಕ್ಕಳು ಹೀಗೆ ಬರೆಯುತ್ತಾರೆ: 'ಬೇಡಿಕೆ ಹೆಚ್ಚಿತು, ಬೆಲೆ ಏರಿತು. ಬೆಲೆ ಏರಿದ್ದರಿಂದ ಬೇಡಿಕೆ ಇಳಿಯಿತು. ಬೇಡಿಕೆ ಇಳಿದದ್ದರಿಂದ ಬೆಲೆ ಇಳಿಯಿತು.' ಹಾವು ತನ್ನ ಬಾಲವನ್ನೇ ನುಂಗಿದಂತೆ ಉತ್ತರ ಸುತ್ತುತ್ತದೆ. ಇದಕ್ಕೆ ಮೂಲ ಮೊದಲ ದಿನ ಬಾಯಿಪಾಠ ಮಾಡಿಸಿದ 'ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ' ಎಂಬ ಆ ಸಾಲೇ. ಬೆಲೆ ಏರಿದಾಗ ಇಳಿಯುವುದು ಬೇಡಿಕೆಯ ಪ್ರಮಾಣ, ಎತ್ತಿದ ಕೈಗಳ ಎಣಿಕೆ. ಬೇಡಿಕೆ ಎಂದರೆ ಚೀಟಿಗಳ ಮೇಲಿನ ಸಂಖ್ಯೆಗಳು. ಬೆಲೆ ಏರಿತೆಂದು ಯಾರ ಚೀಟಿಯ ಮೇಲಿನ ಸಂಖ್ಯೆಯೂ ಅಳಿಸಿಹೋಗುವುದಿಲ್ಲ. 'ಚೀಟಿ ಬದಲಾಯಿತೇ, ಕೈಯಷ್ಟೇ ಇಳಿಯಿತೇ?' ಎಂಬ ಪ್ರಶ್ನೆಯನ್ನು ವರ್ಷಪೂರ್ತಿ ಕೇಳುತ್ತಿದ್ದರೆ ಈ ತಪ್ಪು ತಾನಾಗಿ ಬಿಟ್ಟುಹೋಗುತ್ತದೆ. ಆಟ ಆಡದ ತರಗತಿಯಲ್ಲಿ ಈ ಪ್ರಶ್ನೆ ಕೇಳಲು ಚೀಟಿಯೇ ಇರುವುದಿಲ್ಲ ಎನ್ನುವುದನ್ನೂ ಗಮನಿಸಬೇಕು.

ತೆರಿಗೆಯನ್ನು ಮುಂದಿನ ಸುತ್ತಿನಲ್ಲಿ ಹಾಕಿ. ಚೀಟಿಗಳನ್ನು ಮೂಲ ಸಂಖ್ಯೆಗೆ ತಂದು, ಮಾರಿದವರು ಪ್ರತಿ ಸರಕಿಗೆ 4 ಬಿಲ್ಲೆ ಮೇಜಿಗೆ ಕಟ್ಟಬೇಕು ಎನ್ನಿ. ಬೆಲೆ 20–22ಕ್ಕೆ ಏರುತ್ತದೆ, ವ್ಯವಹಾರ 5ಕ್ಕೆ ಇಳಿಯುತ್ತದೆ. ತೆರಿಗೆ 4, ಬೆಲೆ ಏರಿದ್ದು 2. ಉಳಿದ 2 ಮಾರುವವರ ಕೈಯಿಂದಲೇ ಹೋಗಿದೆ. ಇನ್ನೊಂದು ಸುತ್ತಿನಲ್ಲಿ ಅದೇ 4 ಬಿಲ್ಲೆಯನ್ನು ಕೊಳ್ಳುವವರು ಕಟ್ಟಲಿ. ಬೆಲೆ 16–18ಕ್ಕೆ ಇಳಿಯುತ್ತದೆ, ತೆರಿಗೆ ಸೇರಿ ಕೊಳ್ಳುವವರಿಗೆ ಬೀಳುವುದು ಮತ್ತದೇ 20–22. ಯಾರ ಹೆಸರಿನಲ್ಲಿ ತೆರಿಗೆ ಹಾಕಿದರೂ ಹೊರೆ ಹಂಚಿಕೆಯಾದದ್ದು ಒಂದೇ ರೀತಿ! ಇಲ್ಲಿ ಅರ್ಧರ್ಧ ಬಂದದ್ದು ಎರಡೂ ಕಡೆಯ ಚೀಟಿಗಳು ಎರಡೆರಡರ ಅಂತರದಲ್ಲಿ ಇರುವುದರಿಂದ. ಒಂದು ಕಡೆಯವರ ಸಂಖ್ಯೆಗಳನ್ನು ಒತ್ತೊತ್ತಾಗಿ ಇಟ್ಟರೆ ಹೊರೆ ಹೆಚ್ಚಾಗಿ ಇನ್ನೊಂದು ಕಡೆಗೆ ಜಾರುತ್ತದೆ. ಬೆಲೆ ಬದಲಾದಾಗ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳುವ 'ಸ್ಥಿತಿಸ್ಥಾಪಕತ್ವ' ಎಂಬ ಗಡುಸಾದ ಪದವನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಲಾಭದ ಲೆಕ್ಕವನ್ನೂ ಮಾಡಿಸಿ. ತೆರಿಗೆ ಇಲ್ಲದಾಗ ಎಲ್ಲರ ಲಾಭದ ಒಟ್ಟು ಮೊತ್ತ 72 ಆಗಬಹುದಿತ್ತು. ತೆರಿಗೆಯ ನಂತರ ಮಕ್ಕಳ ಲಾಭವೂ ಮೇಜಿಗೆ ಬಂದ 20 ಬಿಲ್ಲೆಯೂ ಸೇರಿ 70. ಎಲ್ಲಿ ಹೋಯಿತು 2? ನಡೆಯದೇ ಹೋದ ಆರನೆಯ ವ್ಯವಹಾರದಲ್ಲಿ. ಕೊಳ್ಳುವವರ 20ರ ಚೀಟಿ, ಮಾರುವವರ 18ರ ಚೀಟಿ ಎರಡೂ ಈ ಸಲ ಸುಮ್ಮನೆ ಕೂತಿದ್ದವು.

ಗರಿಷ್ಠ ಬೆಲೆಯ ಸುತ್ತು ಎಲ್ಲಕ್ಕಿಂತ ಗದ್ದಲದ್ದು. 15ಕ್ಕಿಂತ ಹೆಚ್ಚು ಕೂಗುವಂತಿಲ್ಲ ಎಂದು ನಿಯಮ ಮಾಡಿ. 8 ಜನ ಕೊಳ್ಳಲು ಮುಗಿಬೀಳುತ್ತಾರೆ, ಮಾರುವವರು 4 ಜನ. ಆ 4 ಸರಕು ಯಾರಿಗೆ ಸಿಗುತ್ತದೆ ಎಂಬುದನ್ನು ಈಗ ಬೆಲೆ ತೀರ್ಮಾನಿಸುವುದಿಲ್ಲ. ಕೈಗೆ ಮೊದಲು ಸಿಕ್ಕವರು, ಗೆಳೆಯರು, ಗಟ್ಟಿ ಗಂಟಲಿನವರು ಕೊಳ್ಳುತ್ತಾರೆ. ಸರಕು ಯಾರಿಗೆ ಅತಿ ಹೆಚ್ಚು ಬಾಳುತ್ತದೋ ಅವರಿಗೇ, ಅಂದರೆ 30, 28, 26, 24ರವರಿಗೆ ಸಿಕ್ಕರೆ ಒಟ್ಟು ಲಾಭ 64. 22, 20, 18, 16ರವರಿಗೆ ಸಿಕ್ಕರೆ 32. ಹಂಚಿಕೆಯ ದಾರಿಯೊಂದರಿಂದಲೇ ಇಷ್ಟು ವ್ಯತ್ಯಾಸ ಎಂಬುದನ್ನು ಮಕ್ಕಳೇ ಕೂಡಿ ಕಳೆದು ಕಾಣಲಿ. ಆದರೆ ಇಲ್ಲೇ ಶಿಕ್ಷಕರು ನಾಲಗೆ ಹಿಡಿಯಬೇಕು. 'ಆದ್ದರಿಂದ ಬೆಲೆ ನಿಯಂತ್ರಣ ತಪ್ಪು' ಎಂದು ಆಟ ಹೇಳಿಲ್ಲ. 15ಕ್ಕೆ ಕೊಂಡವರು ಗೆದ್ದಿದ್ದಾರೆ, ಅದು ನಿಜವಾದ ಗೆಲುವೇ. ಚೀಟಿಯ ಸಂಖ್ಯೆ ದೊಡ್ಡದಿರುವುದು ಅಗತ್ಯ ಹೆಚ್ಚಿರುವುದರಿಂದಲೋ ಹಣ ಹೆಚ್ಚಿರುವುದರಿಂದಲೋ ಎಂದು ಒಂದಾದರೂ ಮಗು ಕೇಳುತ್ತದೆ. ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ಏನಾಗುತ್ತದೆ ಎಂಬ ಪ್ರಶ್ನೆ ಬೇರೆ, ಏನಾಗಬೇಕು ಎಂಬ ಪ್ರಶ್ನೆ ಬೇರೆ. ಹಲಗೆಯನ್ನು ಎರಡು ಭಾಗ ಮಾಡಿ ಉತ್ತರಗಳನ್ನು ಬೇರೆ ಬೇರೆ ಬರೆಸಿದರೆ ಸಾಕು.

ಏನಾಗುತ್ತದೆ ಎಂಬುದನ್ನೂ ರೇಖೆಯೊಂದೇ ತೀರ್ಮಾನಿಸುವುದಿಲ್ಲ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ವೇತನವೂ ದುಡಿಮೆಯ ಬೆಲೆಯೇ ಆದ್ದರಿಂದ ಬೇಡಿಕೆಯ ರೇಖೆಯ ಪ್ರಕಾರ ಕೆಲಸಗಳು ಕಡಿಮೆಯಾಗಬೇಕಿತ್ತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಆ ರಾಜ್ಯದ ಹಾಗೂ ಪಕ್ಕದ ಪೂರ್ವ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಮಳಿಗೆಗಳನ್ನು ಹೋಲಿಸಿ 1994ರಲ್ಲಿ ಬರೆದರು: ಉದ್ಯೋಗ ಇಳಿದ ಕುರುಹು ಇಲ್ಲ. ಬೇರೆ ದತ್ತಾಂಶ ಹಿಡಿದು ಇದನ್ನು ಪ್ರಶ್ನಿಸಿದವರೂ ಇದ್ದಾರೆ, ವಾದ ದಶಕಗಳ ಕಾಲ ನಡೆದಿದೆ. 2021ರ ನೊಬೆಲ್‌ನಲ್ಲಿ ಕಾರ್ಡ್ ಅವರಿಗೂ ಪಾಲು ಸಿಕ್ಕಿತು. 15 ವರ್ಷದ ಮಕ್ಕಳಿಗೆ ಈ ಜಗಳವನ್ನು ಹೇಳಿದರೆ ತಲೆ ಕೆಡುತ್ತದೆ ಎಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಮಾದರಿ ಒಂದು ಊಹೆ, ಅದನ್ನು ಲೋಕದ ಮುಂದೆ ಹಿಡಿದು ನೋಡಬೇಕು ಎಂದು ವಿಜ್ಞಾನದ ತರಗತಿಯಲ್ಲಿ ದಿನವೂ ಕಲಿಯುವ ಮಕ್ಕಳೇ ಅವರು.

ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾದದ್ದರ ಬೆಲೆಯಾದ 'ಅವಕಾಶ ವೆಚ್ಚ'ವನ್ನು ಪಠ್ಯಗಳು ಅರ್ಧ ಪುಟದಲ್ಲಿ ಮುಗಿಸುತ್ತವೆ. ಎರಡು ಅವಧಿಯಾದರೂ ಬೇಕು. ವೆಚ್ಚ ಎಂದರೆ ಖರ್ಚು ಎಂಬ ರೂಢಿಯ ಅರ್ಥವನ್ನು ಕೀಳಬೇಕಲ್ಲ. ಸಂಜೆಯ ಎರಡು ಗಂಟೆಯಲ್ಲಿ ಓದಬಹುದು, ಆಡಬಹುದು, ಮಲಗಬಹುದು. ಓದಲು ಕೂತರೆ ಅದರ ಅವಕಾಶ ವೆಚ್ಚ ಎಷ್ಟು ಎಂದರೆ ಮಕ್ಕಳು ಆಟವನ್ನೂ ನಿದ್ದೆಯನ್ನೂ ಕೂಡಿಸುತ್ತಾರೆ. ಅದು ತಪ್ಪು. ಅದೇ ಎರಡು ಗಂಟೆಯಲ್ಲಿ ಎರಡನ್ನೂ ಪೂರ್ತಿ ಮಾಡಲು ಆಗುತ್ತಿರಲಿಲ್ಲ. ಬಿಟ್ಟುಕೊಟ್ಟವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಮಾತ್ರ ಎಣಿಸಬೇಕು. ದೊಡ್ಡವರೂ ಇಲ್ಲಿ ಜಾರುತ್ತಾರೆ. 2005ರಲ್ಲಿ ಪಾಲ್ ಫೆರಾರೊ ಮತ್ತು ಲಾರಾ ಟೇಲರ್ ಸುಮಾರು 200 ಅರ್ಥಶಾಸ್ತ್ರಜ್ಞರಿಗೆ ಒಂದು ಪ್ರಶ್ನೆ ಕೊಟ್ಟರು. ಒಂದು ಸಂಗೀತ ಕಛೇರಿಗೆ ಉಚಿತ ಟಿಕೆಟ್ ಸಿಕ್ಕಿದೆ, ಅದನ್ನು ಮಾರುವಂತಿಲ್ಲ. ಅದೇ ಹೊತ್ತಿನ ಇನ್ನೊಂದು ಕಛೇರಿಯ ಟಿಕೆಟ್ 40 ಡಾಲರ್, ಅದು ನಿಮಗೆ 50 ಡಾಲರ್ ಬಾಳುತ್ತದೆ. ಮೊದಲನೆಯದಕ್ಕೆ ಹೋದರೆ ಅವಕಾಶ ವೆಚ್ಚ ಎಷ್ಟು? ಬಯಸಿದ ಉತ್ತರ 10, ಬಿಟ್ಟುಕೊಟ್ಟ ಕಛೇರಿಯಿಂದ ಸಿಗಬಹುದಾಗಿದ್ದ ನಿವ್ವಳ ಲಾಭ. ಹಾಗೆ ಹೇಳಿದವರು ಐದರಲ್ಲಿ ಒಬ್ಬರಷ್ಟು ಮಾತ್ರ. ಪ್ರಶ್ನೆಯಲ್ಲೇ ಅಸ್ಪಷ್ಟತೆ ಇದೆ ಎಂದು ಮುಂದೆ ಕೆಲವರು ವಾದಿಸಿದರು. ಹಾಗಾಗಿ ತರಗತಿಯಲ್ಲಿ ಮಕ್ಕಳು ತಮ್ಮ ಉತ್ತರದ ಜೊತೆಗೆ 'ಯಾವುದನ್ನು ಬಿಟ್ಟೆ, ಅದರಿಂದ ಏನು ಸಿಗುತ್ತಿತ್ತು, ಅದಕ್ಕೆ ಏನು ಕೊಡಬೇಕಿತ್ತು' ಎಂಬ ಮೂರು ಸಾಲು ಬರೆಯುವಂತೆ ಮಾಡುವುದು ಕ್ಷೇಮ.

ಇದು ಗಟ್ಟಿಯಾದರೆ ದೇಶಗಳು ವ್ಯಾಪಾರ ಮಾಡುವುದೇಕೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕ ಸಲೀಸು. ಒಂದು ಅಳತೆ ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಜನರ ಒಂದು ವರ್ಷದ ದುಡಿಮೆ, ಒಂದು ಅಳತೆ ದ್ರಾಕ್ಷಾರಸಕ್ಕೆ 120. ಪೋರ್ಚುಗಲ್‌ನಲ್ಲಿ ಬಟ್ಟೆಗೆ 90, ದ್ರಾಕ್ಷಾರಸಕ್ಕೆ 80. ಎರಡರಲ್ಲೂ ಪೋರ್ಚುಗಲ್ ಮುಂದಿದೆ, ಹಾಗಾದರೆ ಅದು ವ್ಯಾಪಾರ ಏಕೆ ಮಾಡಬೇಕು? ಮಕ್ಕಳು ಇಲ್ಲಿ 80ನ್ನು 120ರ ಜೊತೆ ಹೋಲಿಸುತ್ತಾ ಕೂರುತ್ತಾರೆ. ಹೋಲಿಕೆ ದೇಶದ ಒಳಗೆ ನಡೆಯಬೇಕು. ಪೋರ್ಚುಗಲ್ ಒಂದು ಅಳತೆ ದ್ರಾಕ್ಷಾರಸಕ್ಕಾಗಿ ಬಿಡುವುದು 80/90, ಅಂದರೆ ಸುಮಾರು 0.89 ಅಳತೆ ಬಟ್ಟೆ. ಇಂಗ್ಲೆಂಡ್ ಬಿಡುವುದು 120/100, ಅಂದರೆ 1.2. ದ್ರಾಕ್ಷಾರಸ ಪೋರ್ಚುಗಲ್‌ನಲ್ಲಿ ಅಗ್ಗ, ಬಟ್ಟೆ ಇಂಗ್ಲೆಂಡಿನಲ್ಲಿ ಅಗ್ಗ. ಇಬ್ಬರೂ ಎರಡನ್ನೂ ಒಂದೊಂದು ಅಳತೆ ತಾವೇ ಮಾಡಿಕೊಂಡರೆ ಒಟ್ಟು ದುಡಿಮೆ 390. ಇಂಗ್ಲೆಂಡ್ ಎರಡು ಅಳತೆ ಬಟ್ಟೆ, ಪೋರ್ಚುಗಲ್ ಎರಡು ಅಳತೆ ದ್ರಾಕ್ಷಾರಸ ಮಾಡಿ ಒಂದಕ್ಕೊಂದು ಬದಲಿಸಿಕೊಂಡರೆ 200 ಮತ್ತು 160, ಒಟ್ಟು 360. ಇಂಗ್ಲೆಂಡಿಗೆ 20, ಪೋರ್ಚುಗಲ್‌ಗೆ 10 ಉಳಿಯಿತು. ಆ ಉಳಿತಾಯ ದೇಶದೊಳಗೆ ಯಾರ ಪಾಲಾಗುತ್ತದೆ, ಕೆಲಸ ಬಿಡಬೇಕಾದವರು ಏನು ಮಾಡುತ್ತಾರೆ ಎಂಬುದಕ್ಕೆ ಈ ಲೆಕ್ಕದಲ್ಲಿ ಉತ್ತರವಿಲ್ಲ ಎಂದೂ ಹೇಳಬೇಕು.

ಮಾರುಕಟ್ಟೆಯ ಆಟದ ಬೆರಗು ತಲೆಗೇರಿ 'ಎಲ್ಲವೂ ತಾನಾಗಿ ಸರಿಹೋಗುತ್ತದೆ' ಎಂಬ ನಂಬಿಕೆ ಮಕ್ಕಳಲ್ಲಿ ಬೇರೂರಬಾರದು. ಅದಕ್ಕೆ ಇನ್ನೊಂದು ಆಟ, 20 ನಿಮಿಷದ್ದು. ನಾಲ್ವರ ಗುಂಪು, ತಲಾ 10 ಬಿಲ್ಲೆ. ಎಷ್ಟು ಬೇಕಾದರೂ ಗುಟ್ಟಾಗಿ ಹುಂಡಿಗೆ ಹಾಕಬಹುದು. ಹುಂಡಿಯಲ್ಲಿ ಬಿದ್ದದ್ದನ್ನು ಶಿಕ್ಷಕರು ಎರಡರಷ್ಟು ಮಾಡಿ ನಾಲ್ವರಿಗೂ ಸಮನಾಗಿ ಹಂಚುತ್ತಾರೆ. ಎಲ್ಲರೂ 10 ಹಾಕಿದರೆ ಪ್ರತಿಯೊಬ್ಬರಿಗೂ 20. ಒಬ್ಬ ಮಾತ್ರ ಕೈ ಬಿಗಿ ಹಿಡಿದರೆ ಅವನಿಗೆ 25, ಉಳಿದವರಿಗೆ 15. ಸುತ್ತುಗಳು ಕಳೆದಂತೆ ಹುಂಡಿ ಬರಿದಾಗುತ್ತಾ ಹೋಗುವುದೇ ಸಾಮಾನ್ಯ. ಪ್ರತಿಯೊಬ್ಬರೂ ತಮ್ಮ ಲಾಭ ನೋಡಿಕೊಂಡರೆ ಎಲ್ಲರಿಗೂ ನಷ್ಟವಾಗುವ ಜಾಗಗಳೂ ಇವೆ ಎಂಬುದು ಆಗ ಲೆಕ್ಕದಿಂದಲೇ ತಿಳಿಯುತ್ತದೆ. ಹುಂಡಿಗೆ ಹಾಕಿದ್ದು ಗುಟ್ಟಾಗಿರುವುದು ಮುಖ್ಯ. ಯಾರು ಎಷ್ಟು ಹಾಕಿದರೆಂದು ಬಯಲಾದರೆ ಮುಖ ನೋಡಿ ಹಾಕುತ್ತಾರೆ. ಬೇಕಿದ್ದರೆ ಕೊನೆಯ ಎರಡು ಸುತ್ತುಗಳಲ್ಲಿ ಹೆಸರು ಬಹಿರಂಗಪಡಿಸಿ, ವ್ಯತ್ಯಾಸವನ್ನು ಮಕ್ಕಳೇ ಅಳೆಯಲಿ.

ಬಡ್ಡಿ, ಸಾಲ, ಉಳಿತಾಯದ ಲೆಕ್ಕವನ್ನು ಕೂಡ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ವರ್ಷಕ್ಕೆ ಶೇ 24ರ ಚಕ್ರಬಡ್ಡಿಯ ಸಾಲ ಮೂರು ವರ್ಷ ಚಿಲ್ಲರೆಯಲ್ಲಿ ದುಪ್ಪಟ್ಟಾಗುತ್ತದೆ ಎಂದು ಗೊತ್ತಿಲ್ಲದೆ ಮಗು ಶಾಲೆ ಬಿಡಬಾರದು. ಆದರೆ ಅದೊಂದನ್ನೇ ಅರ್ಥಶಾಸ್ತ್ರ ಎಂದು ಕರೆಯುವುದಕ್ಕೆ ನಮ್ಮ ವಿರೋಧವಿದೆ.

ಪರೀಕ್ಷೆ ಬದಲಾಗದೆ ಪಾಠ ಬದಲಾಗುವುದಿಲ್ಲ. 'ಬೇಡಿಕೆಯ ನಿಯಮ ಎಂದರೇನು?' ಎಂದು ಕೇಳುವಷ್ಟು ಕಾಲ ಬಾಯಿಪಾಠವೇ ಜಾಣತನ. ಅದರ ಬದಲು ಒಂದು ಪಟ್ಟಿ, ಒಂದು ಘಟನೆ ಕೊಟ್ಟು ಏನಾಗುತ್ತದೆ ಎಂದು ಕೇಳಿ. ಯಾವ ರೇಖೆ ಎಂಬುದಕ್ಕೆ 1 ಅಂಕ, ಯಾವ ಕಡೆ ಎಂಬುದಕ್ಕೆ 1, ಬೆಲೆ ಮತ್ತು ಪ್ರಮಾಣಕ್ಕೆ 1, ಕಾರಣಕ್ಕೆ 2. ಬೇಡಿಕೆ, ಪೂರೈಕೆ ಎರಡೂ ಒಟ್ಟಿಗೆ ಹೆಚ್ಚಿದರೆ ಏನು ಎಂಬ ಪ್ರಶ್ನೆಯೂ ಇರಲಿ. ಪ್ರಮಾಣ ಹೆಚ್ಚುವುದು ಖಚಿತ, ಬೆಲೆ ಯಾವ ಕಡೆಗೂ ಹೋಗಬಹುದು. 'ಇಷ್ಟೇ ಮಾಹಿತಿಯಿಂದ ಹೇಳಲಾಗದು' ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಕೊಡುವ ಧೈರ್ಯ ಮೌಲ್ಯಮಾಪಕರಿಗೆ ಬರಬೇಕು.

ಕೊನೆಯದಾಗಿ ತಮ್ಮಲ್ಲೇ ಒಂದು ವಿನಂತಿ. ಮಕ್ಕಳು ಪತ್ರಿಕೆ ಹಿಡಿದು ತರಗತಿಗೆ ಬರುತ್ತಾರೆ. 'ಹಣದುಬ್ಬರ ಇಳಿಕೆ' ಎಂಬ ತಲೆಬರಹ ಓದಿದ ಹತ್ತರಲ್ಲಿ ಎಂಟು ಮಕ್ಕಳಾದರೂ ಬೆಲೆಗಳು ಇಳಿದವು ಎಂದೇ ತಿಳಿಯುತ್ತಾರೆ ಎಂಬುದು ನಮ್ಮ ಅಂದಾಜು. ಒಟ್ಟಾರೆ ಬೆಲೆಗಳ ಮಟ್ಟ ಅಳೆಯುವ ಬೆಲೆ ಸೂಚ್ಯಂಕ 100 ಇದ್ದದ್ದು ಒಂದು ವರ್ಷದಲ್ಲಿ 108 ಆದರೆ ಹಣದುಬ್ಬರ ಶೇ 8. ಮರುವರ್ಷ ಅದು 112.32 ಆದರೆ ಶೇ 4. ಹಣದುಬ್ಬರ ಅರ್ಧಕ್ಕೆ ಇಳಿದಿದೆ, ಬೆಲೆಗಳು ಮತ್ತೂ ಏರಿವೆ. ಹಾಗೆಯೇ ಬಡ್ಡಿದರ ಶೇ 4ರಿಂದ ಶೇ 6ಕ್ಕೆ ಹೋದರೆ ಅದು ಶೇ 2ರ ಏರಿಕೆಯಲ್ಲ, 2 ಶೇಕಡಾವಾರು ಅಂಶಗಳ ಏರಿಕೆ, ಹಿಂದಿನ ದರಕ್ಕೆ ಹೋಲಿಸಿದರೆ ಶೇ 50ರಷ್ಟು. ಇಂಥ ಸುದ್ದಿ ಪ್ರಕಟಿಸುವಾಗ ಶೇಕಡಾವಾರಿನ ಪಕ್ಕದಲ್ಲೇ ಹಿಂದಿನ ಮತ್ತು ಇಂದಿನ ಸೂಚ್ಯಂಕ ಎರಡನ್ನೂ ಒಂದು ಸಾಲಿನಲ್ಲಿ ಅಚ್ಚು ಹಾಕಿಸಿ. ಆ ಸಾಲನ್ನು ಕತ್ತರಿಸಿ ಹಲಗೆಗೆ ಅಂಟಿಸಿಕೊಂಡು ಉಳಿದ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸುವ ಹೊಣೆ ನಮ್ಮದು.

ಇಂತಿ ತಮ್ಮ ವಿಶ್ವಾಸಿಗಳು,
ಪ್ರೌಢಶಾಲೆಯ ಅರ್ಥಶಾಸ್ತ್ರ ಶಿಕ್ಷಕರು